ಆರು ಹೆಗಲಿನ ದೋಣಿಗೆ ಎರಡು ಗಾಲಿ

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ನಾನು ಧಾರವಾಡದ ಒಂದು ಸಣ್ಣ ಸರ್ವೇ ಕಂಪನಿಯಲ್ಲಿ ಫೀಲ್ಡ್ ಎಂಜಿನಿಯರ್ ಆಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ವೃತ್ತಿಯ ಅನುಭವ ಬರೆಯಬೇಕಾದರೆ ಮೊದಲು ತಲೆ ಬೆಳ್ಳಗಾಗಬೇಕು ಎಂದು ಹಿರಿಯರೊಬ್ಬರು ನನಗೆ ಹೇಳಿದರು. ಹಾಗೆಂದು ಎಲ್ಲಿ ಬರೆದಿದೆ ಎಂದು ಕೇಳಿದೆ. ಎಲ್ಲೂ ಬರೆದಿಲ್ಲವಂತೆ, ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಕೆಲಸ ಕೆರೆಗಳಲ್ಲಿ ಹೂಳು ಎಷ್ಟು ತುಂಬಿದೆ ಎಂದು ಅಳೆಯುವುದು. ದೋಣಿಯ ಹಿಂಬದಿಗೆ ಎಕೋ ಸೌಂಡರ್ ಎಂಬ ಉಪಕರಣ ಕಟ್ಟುತ್ತೇವೆ. ಅದು ನೀರಿನೊಳಕ್ಕೆ ಶಬ್ದ ಕಳಿಸುತ್ತದೆ. ತಳಕ್ಕೆ ಬಡಿದು ಶಬ್ದ ಮರಳಲು ಹಿಡಿದ ಸಮಯದಿಂದ ಆಳ ಗೊತ್ತಾಗುತ್ತದೆ. ನೀರಿನ ಆಳ ಕಡಿಮೆ ಇರುವ ಕಡೆ ಅದು ನಂಬಿಕೆಗೆ ಅರ್ಹವಲ್ಲ, ಅಲ್ಲಿ ಗುರುತು ಹಾಕಿದ ಕೋಲನ್ನೇ ಇಳಿಸಿ ನೋಡಬೇಕು. ನಮ್ಮದು ಗಾಳಿ ತುಂಬುವ ರಬ್ಬರ್ ದೋಣಿ, ಹನ್ನೊಂದು ಅಡಿ ಉದ್ದ. ಖಾಲಿ ಇದ್ದಾಗ ಅದೇನು ಭಾರವಲ್ಲ. ಮೋಟಾರು, ಬ್ಯಾಟರಿ, ದೋಣಿಯ ತಳಕ್ಕೆ ಹಾಸುವ ಅಲ್ಯೂಮಿನಿಯಂ ಹಲಗೆ, ಉಪಕರಣದ ಪೆಟ್ಟಿಗೆ ಎಲ್ಲ ಸೇರಿದರೆ ಒಂದು ಕ್ವಿಂಟಲ್ ದಾಟುತ್ತದೆ.

ಈ ಭಾರ ಕೆರೆಯ ಏರಿಯಿಂದ ನೀರಿನವರೆಗೆ ಹೇಗೆ ಹೋಗುತ್ತಿತ್ತು ಎಂಬುದೇ ನನ್ನ ತಕರಾರು. ನಮ್ಮ ಮುಖ್ಯಸ್ಥರಾದ ಪಾಟೀಲ ಸರ್ ಹಿಂದಿನ ದಿನವೇ ಊರಿನ ಹಿರಿಯರೊಬ್ಬರಿಗೆ, ಹೆಚ್ಚಾಗಿ ಅಲ್ಲಿನ ಗೌಡರಿಗೆ, ಫೋನ್ ಮಾಡುತ್ತಿದ್ದರು. ಹಿರಿಯರು ಊರಿನ ಒಂದು ನಿರ್ದಿಷ್ಟ ಓಣಿಗೆ ಹೇಳಿಕಳಿಸುತ್ತಿದ್ದರು. ಯಾವ ಓಣಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸತ್ತ ದನ ಎಳೆಯಲು, ಗಟಾರ ಕಟ್ಟಿಕೊಂಡರೆ ತೆಗೆಯಲು ಯಾವ ಓಣಿಯನ್ನು ಕರೆಯುತ್ತಾರೋ ಅದೇ ಓಣಿ. ಅಲ್ಲಿಂದ ಆರು ಜನ ಬಂದು ದೋಣಿಗೆ ಹೆಗಲು ಕೊಡುತ್ತಿದ್ದರು. ಸಂಜೆ ಮತ್ತೆ ಬಂದು ಮೇಲೆ ತರುತ್ತಿದ್ದರು. ಕೂಲಿ ಎಂಬ ಮಾತೇ ಬರುತ್ತಿರಲಿಲ್ಲ. ಗೌಡರು ಹೇಳಿದ್ದಾರೆ, ಬಂದಿದ್ದಾರೆ, ಚಹಾ ಕುಡಿದು ಹೋದರು, ಮುಗಿಯಿತು.

ನಮ್ಮ ಅಜ್ಜ ಅಂಥದೇ ಓಣಿಯಿಂದ ಹೊರಬಿದ್ದು ಬೌದ್ಧನಾದವನು. ಅಪ್ಪ ಶಾಲಾ ಮಾಸ್ತರ. ಕಾಲೇಜಿನಲ್ಲಿ ನಾನು ಡಿಬೇಟ್ ಮಾಡಿಕೊಂಡು ಬೆಳೆದವಳು. ಇಷ್ಟು ಸಾಲದೆಂಬಂತೆ ನನಗೆ ಸುಮ್ಮನಿರುವ ಅಭ್ಯಾಸವಿಲ್ಲ. ಒಂದು ದಿನ ಆಫೀಸಿನಲ್ಲೇ ಕೇಳಿದೆ.

"ಸರ್, ನಾವು ಎಲ್ಲಾ ಖರ್ಚು ಬಿಲ್‌ನ್ಯಾಗ ಹಾಕ್ತೀವಿ. ಈ ಆರು ಮಂದಿ ಯಾವ ಕಾಲಂನ್ಯಾಗ ಬರ್ತಾರ?"

"ಅದು ಊರಿನ ಸಹಕಾರ, ಸುಜಾತಾ," ಎಂದರು ಪಾಟೀಲ ಸರ್.

"ಊರಿನ ಸಹಕಾರ ಒಂದ ಓಣ್ಯಾಗ ಯಾಕ ಹುಟ್ಟತೈತ್ರಿ?"

ಅವರು ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ವಾದ ಸುಲಭವಾಗಿಬಿಡುತ್ತದೆ. ಅವರಿಗೆ ಕೆಲಸ ಮುಗಿಯಬೇಕಿತ್ತು, ಹಿರಿಯರನ್ನು ಎದುರು ಹಾಕಿಕೊಂಡರೆ ಮುಗಿಯುವುದಿಲ್ಲ ಎಂದು ಇಪ್ಪತ್ತು ವರ್ಷದ ಅನುಭವ ಅವರಿಗೆ ಹೇಳಿತ್ತು. "ಹಂಗಾರ ದೋಣಿ ಹಾರಿ ನೀರಿಗಿ ಹೋಗಬೇಕೇನು?" ಎಂದು ಕೇಳಿದರು. ನಾನು ಗಾಲಿ ಹಚ್ಚೋಣ ಎಂದೆ.

ಲಾಂಚಿಂಗ್ ವೀಲ್ ಎಂಬುದು ನನ್ನ ಆವಿಷ್ಕಾರವಲ್ಲ. ಸಮುದ್ರದ ದಂಡೆಯಲ್ಲಿ ಸಣ್ಣ ದೋಣಿ ಇರುವವರು ಬಹಳ ಹಿಂದಿನಿಂದ ಬಳಸುತ್ತಾರೆ. ದೋಣಿಯ ಹಿಂಬದಿಗೆ ಮೋಟಾರು ಕೂಡಿಸುವ ಗಟ್ಟಿ ಹಲಗೆ ಇರುತ್ತದೆ, ಅದಕ್ಕೆ ಟ್ರಾನ್ಸಮ್ ಎನ್ನುತ್ತಾರೆ. ಅದರ ಎರಡೂ ಬದಿಗೆ ಒಂದೊಂದು ಮಡಚುವ ಕಾಲು, ಕಾಲಿನ ತುದಿಗೆ ಗಾಲಿ. ನೆಲದ ಮೇಲೆ ಕಾಲು ಕೆಳಗೆ ಬಿಟ್ಟು ಪಿನ್ ಹಾಕಿದರೆ ದೋಣಿ ಕೈಗಾಡಿಯಾಗುತ್ತದೆ. ನೀರಿನಲ್ಲಿ ಪಿನ್ ತೆಗೆದು ಕಾಲು ಮೇಲಕ್ಕೆ ಮಡಚಿದರೆ ಮತ್ತೆ ದೋಣಿ. ಇಬ್ಬರು ಮೂತಿಯ ಕಡೆ ಎತ್ತಿ ಹಿಡಿದರೆ ಸಾಕು.

ಪಾಟೀಲ ಸರ್ ಯೋಚಿಸಿ ಷರತ್ತು ಹಾಕಿದರು. "ತರಸ್ರಿ. ಮುಂದಿನ ಕೆರಿಗೆ ನೀವು ಮತ್ತ ಇಮಾಮ, ಇಬ್ಬರ ಇಳಸಬೇಕು, ಇಬ್ಬರ ಏರಸಬೇಕು. ಆಗಲಿಲ್ಲಂದ್ರ ಮೊದಲಿನ ಪದ್ಧತಿ. ನೀವು ಆಫೀಸ್‌ನ್ಯಾಗ ಕುಂತು ನಕ್ಷೆ ತಗೀರಿ, ಫೀಲ್ಡ್ ಬ್ಯಾಡ."

ಒಪ್ಪಿಕೊಂಡೆ. ಸೋತರೆ ನನ್ನ ಫೀಲ್ಡ್ ಕೆಲಸ ಹೋಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಆ ಆರು ಹೆಗಲಿನ ಪದ್ಧತಿಗೆ ನಾನೇ ಮುದ್ರೆ ಒತ್ತಿದಂತಾಗುತ್ತಿತ್ತು.

ಇಮಾಮಣ್ಣ ನಮ್ಮ ದೋಣಿ ನಡೆಸುವವರು, ಹಳೇ ಹುಬ್ಬಳ್ಳಿಯವರು. ಟ್ರಾನ್ಸಮ್ಮಿಗೆ ಡ್ರಿಲ್ ಹಿಡಿಯಲು ಅವರಿಗೆ ಕೈ ಬರಲಿಲ್ಲ. "ನೀರಾಗ ತೇಲೋ ದೋಣಿಗಿ ನೀವಾಗೇ ತೂತು ಹೊಡೀತೀರಲ್ಲ ಮೇಡಂ, ಇದನ್ನ ಇಂಜಿನಿಯರಿಂಗ್‌ನ್ಯಾಗ ಕಲಿಸ್ಯಾರೇನು?" ಎಂದು ಕೇಳಿದರು. ಮೋಟಾರಿಗೂ ತೂತು ಹೊಡೆದಿದ್ದಾರಲ್ಲ ಎಂದೆ. "ಅದನ್ನ ಕಂಪನ್ಯಾವ್ರು ಹೊಡದಾರ. ಮುಳುಗಿದ್ರ ಕಂಪನಿ ಮ್ಯಾಲ ಹಾಕಬಹುದು."

ಕೊನೆಗೆ ನಾನೇ ಹೊಡೆದೆ. ಮೊದಲು ಮೋಟಾರು ಪೂರ್ತಿ ಮೇಲಕ್ಕೆತ್ತಿ, ಎರಡೂ ಕಡೆ ತಿರುಗಿಸಿ, ಗಾಲಿಯ ಕಾಲಿಗೆ ತಾಗುವುದಿಲ್ಲ ಎಂದು ನೋಡಿಕೊಂಡೆ. ಮಡಚಿದಾಗ ಗಾಲಿ ಎಕೋ ಸೌಂಡರಿನ ಹತ್ತಿರ ನೀರು ಕಲಕಬಾರದು, ನೊರೆ ಬಂದರೆ ಆಳ ತಪ್ಪುತ್ತದೆ. ಪ್ರತಿ ತೂತಿಗೆ ಸೀಲಂಟ್ ಮೆತ್ತಿ, ತುಕ್ಕು ಹಿಡಿಯದ ಸ್ಟೀಲ್ ಬೋಲ್ಟು ಹಾಕಿ, ಒಳಗಿನಿಂದ ಲೋಹದ ಪಟ್ಟಿ ಕೊಟ್ಟು ಬಿಗಿದೆವು. ಪಟ್ಟಿ ಇಲ್ಲದಿದ್ದರೆ ಎಳೆಯುವ ಭಾರಕ್ಕೆ ಬೋಲ್ಟು ಹಲಗೆಯನ್ನು ಕೊರೆದುಕೊಂಡು ಹೊರಬರುತ್ತದೆ.

ಧಾರವಾಡದ ಪಕ್ಕದ ಊರು ಮುಗದದ ಹತ್ತಿರ ಪರೀಕ್ಷೆ ಮಾಡಿದೆವು. ಗಟ್ಟಿ ಕೆಂಪು ನೆಲ. ದೋಣಿ ಮಗುವಿನ ಗಾಡಿಯಂತೆ ಹಿಂದೆ ಬಂತು. ನಾನು ಒಂದು ಕೈಯಲ್ಲಿ ಮೂತಿ ಹಿಡಿದು ಇನ್ನೊಂದು ಕೈಯಲ್ಲಿ ಪಾಟೀಲ ಸರ್‌ಗೆ ವಿಡಿಯೋ ಕಳಿಸಿದೆ.

ಷರತ್ತಿನ ಕೆರೆ ಬಂದದ್ದು ಹುಬ್ಬಳ್ಳಿಯ ಆಚೆ, ಎರಿ ಎಂಬ ಅಂಟು ಕರಿ ಮಣ್ಣಿನ ನಾಡಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ, ಏಕೆಂದರೆ ಓದುಗರು ಅದೊಂದೇ ಊರು ಎಂದುಕೊಂಡು ನಿಶ್ಚಿಂತರಾಗುತ್ತಾರೆ. ಬೇಸಿಗೆಗೆ ನೀರು ಹಿಂದೆ ಸರಿದಿತ್ತು. ಏರಿಯ ಇಳಿಜಾರು ಮುಗಿದ ಮೇಲೆ ನೀರಿನವರೆಗೆ ಅಗಲವಾದ ಕರಿ ರಾಡಿ. ಮೇಲೆ ಒಣಗಿ ಬಿರಿದಿತ್ತು, ಒಳಗೆ ಹಸಿ ಇತ್ತು.

ಗೌಡರು ಆಗಲೇ ಏರಿಯ ಮೇಲೆ ಬಂದು ನಿಂತಿದ್ದರು. ಅವರ ಹಿಂದೆ ಸ್ವಲ್ಪ ದೂರದಲ್ಲಿ ಆರು ಜನ. ನಾವು ಬೇಡ ಎಂದು ಫೋನಿನಲ್ಲಿ ಹೇಳಿದ್ದರೂ ಅವರು ಓಣಿಗೆ ಹೇಳಿಕಳಿಸಿದ್ದರು.

"ಗಾಲಿ ಹಚ್ಚೀರಂತಲ್ಲ," ಎಂದರು ಗೌಡರು. "ಇರಲಿ, ಮಂದಿ ಇರ್ಲಿ ಅಂತ ಕರಿಸೇನಿ."

"ನಾವು ಬ್ಯಾಡ ಅಂದಿದ್ವಿ ಗೌಡ್ರ."

"ನಿಂದರ್ತಾರ ಬಿಡ್ರಿ. ನಿಂತ್ರ ಏನ್ ಸವೀತಾರೇನು?"

ಇಳಿಜಾರು ಸುಲಭವಾಗಿ ದಾಟಿದೆವು. ರಾಡಿಗೆ ಬಂದ ಕೂಡಲೇ ಕಥೆ ಬದಲಾಯಿತು. ಗಾಲಿ ಒಂದು ಸುತ್ತು ತಿರುಗಿದಾಗ ಎರಿ ಮಣ್ಣು ಅಂಟಿಕೊಂಡಿತು. ಎರಡನೆಯ ಸುತ್ತಿಗೆ ಆ ಮಣ್ಣಿಗೆ ಮಣ್ಣು ಅಂಟಿತು. ಸ್ವಲ್ಪದರಲ್ಲಿ ಗಾಲಿ ದಪ್ಪ ಉಂಡೆಯಾಗಿ, ದೋಣಿಯ ರಬ್ಬರಿಗೆ ಉಜ್ಜಿ ನಿಂತುಬಿಟ್ಟಿತು. ಎಳೆದರೆ ತಿರುಗದೆ ನೆಲವನ್ನು ಉಳುತ್ತಿತ್ತು.

ಇಮಾಮಣ್ಣ ಸೊಂಟಕ್ಕೆ ಕೈ ಕೊಟ್ಟು ನಿಂತರು. "ನೀವು ಧಾರವಾಡದವ್ರು ಎಲ್ಲಾ ಮಾತೂ ಗಟ್ಟಿ ನೆಲದ ಮ್ಯಾಲ ನಿಂತ ಆಡ್ತೀರಿ. ಪರೀಕ್ಷೆನೂ ಅಲ್ಲೇ ಮಾಡ್ತೀರಿ. ಹುಬ್ಬಳ್ಳಿ ಮಣ್ಣಾಗ ಬಂದ ಮ್ಯಾಲ ಗೊತ್ತಾಕ್ಕೈತಿ."

"ಮುಗದಕ್ಕ ಹೋಗೂಮುಂದ ಹೇಳಬೇಕಿತ್ತಲ್ಲ ಇಮಾಮಣ್ಣ."

"ನೀವು ವಿಡಿಯೋ ಮಾಡಾಕತ್ತಿದ್ರಿ."

ಏರಿಯ ಮೇಲಿಂದ ಗೌಡರ ದನಿ ಬಂತು, "ಕಳಸ್ಲೇನ್ರಿ?" ಷರತ್ತು ನೋಡಲು ನಮ್ಮ ಜೊತೆ ಬಂದಿದ್ದ ಪಾಟೀಲ ಸರ್ ಅವರ ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಆರು ಜನರಲ್ಲಿ ಎಲ್ಲರಿಗಿಂತ ಹಿರಿಯ ಯಲ್ಲಪ್ಪ ಆಗಲೇ ಪಂಚೆ ಮೇಲಕ್ಕೆ ಕಟ್ಟಿ ಅರ್ಧ ಇಳಿದು ಬಂದಿದ್ದರು.

"ಬ್ಯಾಡ ಕಾಕಾ, ಅಲ್ಲೇ ನಿಂದರ್ರಿ," ಎಂದೆ.

"ಯವ್ವಾ, ಲಗೂ ಎತ್ತಿಟ್ಟು ಹೊಕ್ಕೇವಿ. ನಮಗೂ ಕೆಲಸದಾವ."

"ನಿಮ್ಮನ್ನ ನಾ ಕರಿಸಿಲ್ಲ."

"ಯಾರು ಕರಿಸಿದ್ರೂ ಭಾರ ಅಷ್ಟ ಇರತೈತಿ," ಎಂದು ಯಲ್ಲಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತರು.

ಡಿಬೇಟಿನಲ್ಲಿ ಇಂಥ ಮಾತಿಗೆ ಉತ್ತರ ಹುಡುಕಲು ಸಮಯ ಸಿಗುತ್ತದೆ. ರಾಡಿಯಲ್ಲಿ ಕಾಲು ಹೂತು ನಿಂತಾಗ ಉತ್ತರ ಬಾಯಿಂದ ಬರುವುದಿಲ್ಲ. ನಾನು ಬಾಗಿ ಗಾಲಿ ನೋಡಿದೆ. ಮಣ್ಣು ಅಂಟದಂತೆ ಮಾಡಲಾಗದು. ಹಾಗಾದರೆ ಗಾಲಿ ಮಣ್ಣನ್ನು ಮುಟ್ಟದಂತೆ ಮಾಡಬೇಕು.

ವ್ಯಾನಿನಲ್ಲಿ ದೋಣಿಯ ಕೆಳಗೆ, ರಬ್ಬರ್ ತರಚದಿರಲಿ ಎಂದು, ಎರಡು ಹಳೇ ಫ್ಲೆಕ್ಸ್ ಬ್ಯಾನರ್ ಹಾಸಿರುತ್ತಿದ್ದೆವು. ಯಾವುದೋ ಸಾಹೇಬರ ಹುಟ್ಟುಹಬ್ಬದವು. ಇಮಾಮಣ್ಣ ಹೋಗಿ ತಂದರು. ಅಷ್ಟರಲ್ಲಿ ನಾನು ಒಂದು ಜಾಲಿ ಕಡ್ಡಿಯಿಂದ ಗಾಲಿ ಕೆರೆದು, ಟೈರಿನ ಗಾಳಿ ಅರ್ಧಕ್ಕಿಂತ ಹೆಚ್ಚು ಬಿಟ್ಟೆ. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ಕೂರುತ್ತದೆ, ಭಾರ ಹರಡುತ್ತದೆ, ಹೂಳುವುದು ಕಡಿಮೆ. ಒಂದು ಫ್ಲೆಕ್ಸ್ ಹಾಸಿ ಅದರ ಮೇಲೆ ದೋಣಿ ತಂದೆವು. ಮುಂದೆ ಇನ್ನೊಂದು ಹಾಸಿದೆವು. ದೋಣಿ ದಾಟಿದ ಮೇಲೆ ಹಿಂದಿನದನ್ನು ತೆಗೆದು ಮುಂದೆ ಹಾಸಿದೆವು.

ಗೌಡರು ಮೇಲಿಂದ ಕೂಗಿದರು. "ಸಾಹೇಬ್ರ ಮಾರಿ ಮ್ಯಾಲ ಗಾಲಿ ಹಾಯಸ್ತೀರೇನ್ರಿ?"

"ಇಲ್ಲ ಗೌಡ್ರ, ಬೋರಲಾಗಿ ಹಾಕೇವಿ," ಎಂದೆ. "ಬೆನ್ನ ಮ್ಯಾಲ ಹಾಯ್ತೈತಿ. ಬೆನ್ನಿಗಿ ಭಾರ ಹತ್ತಿದ್ರ ನಡೀತೈತಲ್ರಿ ನಿಮಗ?"

ಕುಳಿತಿದ್ದ ಯಲ್ಲಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಗೌಡರು ನಗಲಿಲ್ಲ.

ನೀರಿನ ಅಂಚಿನಲ್ಲಿ ತಿರುಗಿಸಿ, ದೋಣಿಯನ್ನು ಹಿಂಬದಿಯಿಂದ ನೀರಿಗೆ ಇಳಿಸಿದೆವು. ತೇಲುವವರೆಗೆ ತಳ್ಳಿ, ಪಿನ್ ತೆಗೆದು ಗಾಲಿ ಮಡಚಿ, ಆಮೇಲೆ ಮೋಟಾರು ಕೆಳಗೆ ಬಿಟ್ಟೆವು. ಈ ಕ್ರಮ ತಪ್ಪಬಾರದು. ಗಾಲಿ ಕೆಳಗಿದ್ದಾಗಲೇ ಮೋಟಾರು ಓಡಿಸಿದರೆ ಗಾಲಿಯ ಕಾಲು ನೀರನ್ನು ತಡೆದು ಬೋಲ್ಟುಗಳನ್ನು ಸಡಿಲಿಸುತ್ತದೆ. ತೂತುಗಳಿಂದ ಒಂದು ಹನಿಯೂ ಒಳಗೆ ಬರಲಿಲ್ಲ. ಇಮಾಮಣ್ಣ ಬೆರಳಿಟ್ಟು ನೋಡಿ, ಬೆರಳನ್ನೂ ನೋಡಿಕೊಂಡರು.

ಗೆದ್ದೆ ಎಂದುಕೊಂಡಿದ್ದೆ. ಆಗ ಯಲ್ಲಪ್ಪ ನೀರಿನ ಅಂಚಿಗೆ ಬಂದರು.

"ಗಾಲಿ ಛಲೋ ಆತವ್ವಾ," ಎಂದರು. "ಇನ್ನ ಮ್ಯಾಲೆ ನಮ್ಮನ್ನ ಕರಿಯೂದಿಲ್ಲ, ಹೌದಿಲ್ಲೋ?"

"ಎತ್ತಾಕ ಕರಿಯೂದಿಲ್ಲ ಕಾಕಾ."

"ಎತ್ತಾಕ ಬಿಟ್ಟು ಮತ್ಯಾತಕ್ಕ ಕರೀತೀರಿ ನಮ್ಮನ್ನ?"

ಈ ಪ್ರಶ್ನೆಗೆ ನಾನು ತಯಾರಾಗಿ ಬಂದಿರಲಿಲ್ಲ. ಬಿಟ್ಟಿ ಹೊರುವುದನ್ನು ನಿಲ್ಲಿಸಿದ್ದೆ. ಅಲ್ಲಿಗೆ ನನ್ನ ವಾದ ಮುಗಿದಿತ್ತು, ಅವರದು ಶುರುವಾಗಿತ್ತು. ಆಳವಿಲ್ಲದ ನೀರಿನಲ್ಲಿ ಕೋಲು ಇಳಿಸಲು ನಮಗೆ ದಿನಗೂಲಿಯ ಮೂರನೆಯ ಆಳು ಬೇಕಿತ್ತು. ಪ್ರತಿ ಸಲ ಪಾಟೀಲ ಸರ್ ಧಾರವಾಡದಿಂದ ಒಬ್ಬ ಹುಡುಗನನ್ನು ಕರೆತರುತ್ತಿದ್ದರು. ಆ ದಿನ ಅವನಿಗೆ ಪರೀಕ್ಷೆ, ಬಂದಿರಲಿಲ್ಲ.

"ಕೋಲ ಹಿಡಿಯಾಕ ಬರ್ತೀರೇನು?" ಎಂದು ಕೇಳಿದೆ. "ಕೂಲಿ ಐತಿ. ದೋಣ್ಯಾಗ ಕುಂದರಬೇಕು."

ಯಲ್ಲಪ್ಪ ಗೌಡರ ಕಡೆ ನೋಡಿದರು. ನಾನು ಕೋಲು ಎತ್ತಿ ತೋರಿಸಿ, ಇವರನ್ನು ಹತ್ತಿಸಿಕೊಳ್ಳಲೇ ಎಂದು ಪಾಟೀಲ ಸರ್‌ಗೆ ಕೂಗಿ ಕೇಳಿದೆ. ಏರಿಯ ಮೇಲೆ ಗೌಡರು ಅವರಿಗೆ ಏನೋ ಹೇಳುತ್ತಿದ್ದರು. ಇಷ್ಟು ದೂರಕ್ಕೆ ಕೇಳಲಿಲ್ಲ. ಪಾಟೀಲ ಸರ್ ಕೇಳಿಸಿಕೊಂಡು, ತಲೆ ಆಡಿಸಿ, ನಮ್ಮ ಕಡೆ ತಿರುಗಿ ಕೂಗಿದರು, "ಲೈಫ್ ಜಾಕೆಟ್ ಹಾಕಿಸಿ ಕುಂದರಿಸ್ಕೊರಿ."

ಎಷ್ಟು ದೋಣಿ ಹೊತ್ತಿದ್ದೀರಿ ಎಂದು ನಡುನೀರಿನಲ್ಲಿ ಇಮಾಮಣ್ಣ ಕೇಳಿದರು. ಪ್ರತಿ ಸರ್ವೇಗೂ ಹೊತ್ತೇನಿ, ಮೀನಿನ ಟೆಂಡರ್‌ನವರದೂ ಹೊತ್ತೇನಿ ಎಂದರು ಯಲ್ಲಪ್ಪ. ಕೂತದ್ದು ಇದೇ ಮೊದಲು. ಅವರು ಜಾಕೆಟ್ಟಿನ ಬೆಲ್ಟು ಹಿಡಿದುಕೊಂಡೇ ಸಂಜೆಯವರೆಗೆ ಕೋಲು ಇಳಿಸಿದರು. "ನಮ್ಮ ಓಣಿ ಇಲ್ಲಿಂದ ಭಾಳ ಸಣ್ಣದು ಕಾಣತೈತಿ," ಎಂದರು ಒಮ್ಮೆ. "ಗೌಡ್ರ ಮನಿನೂ ಸಣ್ಣದ ಕಾಣತೈತಿ," ಎಂದರು ಆಮೇಲೆ.

ಏರಿಸುವುದೇ ನಿಜವಾದ ಪರೀಕ್ಷೆ. ರಾಡಿ ದಾಟಿ ಇಳಿಜಾರಿನ ನಡುವೆ ನಮ್ಮಿಬ್ಬರ ಕಸುವು ತೀರಿತು. ದೋಣಿ ಹಿಂದಕ್ಕೆ ಜಾರತೊಡಗಿತು. ಯಲ್ಲಪ್ಪ ಕೈ ಚಾಚಿದರು. ಅವರು ಈಗ ನಮ್ಮ ಆಳು, ಕೈ ಹಾಕಿದರೆ ತಪ್ಪೇನು ಎಂದು ಇಮಾಮಣ್ಣ ಕೇಳಿದರು. ಷರತ್ತು ಇಬ್ಬರದು ಎಂದೆ. "ನಿಮ್ಮ ಹಟಕ್ಕ ನನ್ನ ಸೊಂಟ ಹೊಕ್ಕೈತಿ," ಎಂದು ಬೈಯುತ್ತಲೇ ಅವರು ಗಾಲಿಗೆ ಕಲ್ಲು ಕೊಟ್ಟರು. ಮೋಟಾರು ಬಿಚ್ಚಿ, ಬ್ಯಾಟರಿ ಇಳಿಸಿ, ಒಂದೊಂದನ್ನೇ ನಾವಿಬ್ಬರೇ ಮೇಲೆ ಇಟ್ಟು ಬಂದೆವು. ಆಮೇಲೆ ದೋಣಿ ಬಂತು. ಹೊತ್ತು ಮುಳುಗುತ್ತಿತ್ತು.

ಗೌಡರು ಪಾಟೀಲ ಸರ್‌ಗೆ ಹೇಳಿದರು, "ಇನ್ನ ಮುಂದ ನಮ್ಮೂರಿಗಿ ಬರೂಮುಂದ ನನಗ ಫೋನ್ ಮಾಡೋ ಅಗತ್ಯ ಇಲ್ಲ ಅಂತ ಆತು."

"ಮಾಡ್ತೀವಿ ಗೌಡ್ರ," ಎಂದೆ ನಾನು. "ಬರ್ತೀವಿ ಅಂತ ಹೇಳಾಕ."

ಮರುದಿನ ಪಾಟೀಲ ಸರ್, ಕೋಲು ಹಿಡಿಯುವ ಆಳನ್ನು ಆಯಾ ಕೆರೆಯ ಊರಿನಲ್ಲೇ ಕೂಲಿ ಕೊಟ್ಟು ಹಚ್ಚಬೇಕೆಂದು ಎಲ್ಲರಿಗೂ ತಿಳಿಸಿದರು. ನನ್ನನ್ನು ಆಫೀಸಿನಲ್ಲಿ ಕೂಡಿಸುವ ಮಾತು ಮತ್ತೆ ಬರಲಿಲ್ಲ.

ಆ ದಿನ ಗಾಲಿ ಇಲ್ಲದೆ ಬರೀ ಮಾತಿನಿಂದ ನಾನು ಗೌಡರ ಬಾಯಿ ಮುಚ್ಚಿಸಬಹುದಿತ್ತು. ಆದರೆ ದೋಣಿಯನ್ನು ಆಗಲೂ ಆ ಆರು ಜನರೇ ಹೊರಬೇಕಾಗುತ್ತಿತ್ತು. ಬೇಡ ಎನ್ನುವವಳ ಕೈಯಲ್ಲಿ ಸ್ಪ್ಯಾನರು, ಗಾಳಿ ಪಂಪು ಕೂಡ ಇರಬೇಕು. ಬೇಡ ಎಂದ ಮೇಲೆ ಮುಂದೇನು ಎಂಬುದಕ್ಕೂ ಉತ್ತರ ಇರಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಎರಡು ಗಾಲಿಗೆ ಇಷ್ಟೊಂದು ಗದ್ದಲವೇ ಎಂದು ಈಗಲೂ ಕೆಲವರು ಕೇಳುತ್ತಾರೆ. ಅವರಿಗೆ ನನ್ನ ಆಹ್ವಾನ ಇದೆ. ಬೇಸಿಗೆಯಲ್ಲಿ ಬನ್ನಿ, ಗಾಲಿ ಬಿಚ್ಚಿಡುತ್ತೇನೆ. ದೋಣಿಗೆ ಹೆಗಲು ಕೊಟ್ಟು ಆ ಎರಿ ರಾಡಿಯನ್ನು ಒಮ್ಮೆ ದಾಟಿ, ಆಮೇಲೆ ನೀರಿನ ಅಂಚಿನಲ್ಲಿ ನಿಂತು ವಾದ ಮಾಡೋಣ.