ಭರಮಪ್ಪನ ಭಂಡಾರದಾಣೆ

ಮಡಗಾಂವದ ಮೋತಿ ಡೊಂಗರ ಗುಡ್ಡದ ನಮ್ಮ ಓಣಿಯಲ್ಲಿ ಭರಮಪ್ಪನ ಮನೆಗೂ ಅವನ ತಂಗಿ ಫಕೀರವ್ವನ ಮನೆಗೂ ನಡುವೆ ನಾಲ್ಕೇ ಬಾಗಿಲು. ಆದರೂ ಭರಮಪ್ಪ ಮೂರು ವರ್ಷ ಅವಳ ಹೊಸ್ತಿಲು ತುಳಿಯಲಿಲ್ಲ. ನಾನು ಅವನ ಗೋಡೆಗೆ ಗೋಡೆ ಹಚ್ಚಿ ಹೊಲಿಗೆ ಯಂತ್ರ ಇಟ್ಟುಕೊಂಡವನು. ಎಲ್ಲ ಕಣ್ಣಾರೆ ಕಂಡಿದ್ದೇನೆ, ಇಂದಿಗೂ ಸಿಟ್ಟು ಇಳಿದಿಲ್ಲ.

ಭರಮಪ್ಪ ಬಾದಾಮಿ ಕಡೆಯವನು, ಸೆಂಟ್ರಿಂಗ್ ಕೆಲಸದವನು. ಮಡಗಾಂವದ ಅರ್ಧ ಊರಿನ ಸ್ಲ್ಯಾಬು ತನ್ನ ಹಲಗೆಗಳ ಮೇಲೇ ಗಟ್ಟಿಯಾದದ್ದು ಎಂದು ಜಂಬ ಕೊಚ್ಚುತ್ತಿದ್ದ. ಚುನಾವಣೆ ಬಂದರೆ ಹಲಗೆ ಬಿಟ್ಟು ಬಾಬ್‌ನ ಬಾವುಟ ಹಿಡಿಯುತ್ತಿದ್ದ. ಬಾಬ್ ಎಂದರೆ ನಮ್ಮ ಭಾಗದ ಪುಢಾರಿ. ನಮ್ಮ ಭಾಷೆಯನ್ನು ಮತ ಕೇಳಲು ಬೇಕಾದಷ್ಟು ಕಲಿತವನು. ಗುಡ್ಡಕ್ಕೆ ಕೊಳಾಯಿ ಹಾಕಿಸಿದ್ದು ಅವನೇ ಎಂಬ ಋಣ ಭರಮಪ್ಪನಿಗೆ. ತಂಗಿಯ ಗಂಡ ಭೀಮಶಿ ಮಾತ್ರ ಎದುರು ಪಕ್ಷದವನು.

ಹಿಂದಿನ ಚುನಾವಣೆಯಲ್ಲಿ ಬಾಬ್‌ಗೆ ಅನುಮಾನ ಹತ್ತಿತು. ಯಲ್ಲಮ್ಮನ ಭಂಡಾರದ ತಟ್ಟೆ ಮುಂದಿಟ್ಟು, "ಭೀಮಶಿ ಮನ್ಯಾಗ ಉಂತಿ. ನನ್ನ ಗುಟ್ಟು ಹೆಂಗ ಉಳಿತೈತಿ?" ಎಂದು ಕೇಳಿದ.

ಭರಮಪ್ಪ ದುಡುಕಿದ. ಆ ಅರಿಶಿನ ಮುಟ್ಟಿ, "ನೀವು ಬಿಡು ಅನ್ನೂತನಕ ಅವನ ಹೊಸ್ತಿಲ ತುಳಿಯಂಗಿಲ್ರಿ," ಎಂದುಬಿಟ್ಟ. ಭಂಡಾರ ಮುಟ್ಟಿ ಆಡಿದ ಮಾತನ್ನು ಆಡಿಸಿಕೊಂಡವರೇ ಬಿಡಿಸಬೇಕು. ಹಣೆಗೆ ಭಂಡಾರ ಹಚ್ಚಿ "ಬಿಟ್ಟೇನಿ" ಅನ್ನಬೇಕು. ಹಾಗಲ್ಲದೆ ತುಳಿದರೆ ಕೇಡು ಆ ಮನೆಗೇ ತಟ್ಟುತ್ತದೆ ಎಂಬುದು ನಮ್ಮವರ ನಂಬಿಕೆ.

ಅಂದಿನಿಂದ ಅಣ್ಣ ತಂಗಿ ಕೊಳಾಯಿಯ ಹತ್ತಿರವೇ ಮಾತಾಡಿಕೊಳ್ಳುತ್ತಿದ್ದರು. ಪಂಚಮಿಯ ಉಂಡಿಯೂ ಓಣಿಯಲ್ಲೇ ಕೈ ಬದಲಾಗುತ್ತಿತ್ತು.

ಈ ವರ್ಷ ಬಾಬ್ ತನ್ನನ್ನು ಗೆಲ್ಲಿಸಿದ ಪಕ್ಷ ಬಿಟ್ಟು ಭೀಮಶಿಯ ಪಕ್ಷಕ್ಕೇ ಹಾರಿದ. ಆ ಪಕ್ಷದವರೇ ಅವನ ಮನೆ ಬಾಗಿಲಿಗೆ ಬಂದು, ಹಿಂದೆ ಬೈಸಿಕೊಂಡದ್ದನ್ನೆಲ್ಲ ನುಂಗಿಕೊಂಡು, ಶಾಲು ಹೊದಿಸಿ ಕರೆದೊಯ್ದರು. ಗಾಳಿ ಬಂದಾಗ ತೂರಿಕೋ ಎಂದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೆರವಣಿಗೆಯಲ್ಲಿ ಡೋಲು ಬಾರಿಸಿದವನು ಭೀಮಶಿ.

ಅದೇ ತಿಂಗಳು ಫಕೀರವ್ವನಿಗೆ ಲಕ್ವಾ ಹೊಡೆಯಿತು. ಹಾಸಿಗೆ ಬಿಟ್ಟು ಏಳದಾದಳು. "ಅಣ್ಣಗ ಒಮ್ಮೆ ಬಂದು ಹೋಗಂತ ಹೇಳ್ರಿ," ಎಂದು ನನ್ನ ಹೆಂಡತಿಯ ಕೈಯಲ್ಲಿ ಹೇಳಿ ಕಳಿಸಿದಳು.

"ಆಣಿ ಮಾಡಿಸಿದಾವ್ನ ಅಲ್ಲಿ ಹೋಗಿ ಕುಂತಾನ. ಇನ್ನ ನಿಂದೇನು?" ಎಂದು ನಾನು ಬೈದೆ.

"ಅವ್ರು ಪಕ್ಷ ಬಿಟ್ಟಾರ, ನನ್ನ ಬಿಟ್ಟಿಲ್ಲಲ್ಲ. ನಾ ತುಳದು ಆಕಿಗೆ ಏನಾರ ಆದ್ರ?" ಎಂದ ಭರಮಪ್ಪ.

ಭಂಡಾರದ ಪೊಟ್ಟಣ ಕಿಸೆಯಲ್ಲಿಟ್ಟುಕೊಂಡು ಬಾಬ್‌ನ ಬಂಗಲೆಗೆ ಹೋದ. ಮೊದಲ ಸಲ ಅಲ್ಲಿ ಸನ್ಮಾನ ನಡೆದಿತ್ತು, ಯಾರೂ ಒಳಗೆ ಬಿಡಲಿಲ್ಲ. ಎರಡನೆಯ ಸಲ ಬಾಬ್ ಪಣಜಿಗೆ ಹೋಗಿದ್ದ. ಮೂರನೆಯ ಸಲ ಸಿಕ್ಕ. ಕಾರು ಹತ್ತುತ್ತ, "ಸೋಮವಾರ ಬಾ, ನಿವಾಂತ ಮಾತಾಡೂಣ," ಎಂದ. ಒಂದು ಮಾತಿನ ಕೆಲಸ. ಅದಕ್ಕೂ ಸೋಮವಾರ ಬೇಕಾಯಿತು ಆ ಮಹಾರಾಯನಿಗೆ.

ಫಕೀರವ್ವ ಭಾನುವಾರ ಬೆಳಿಗ್ಗೆ ತೀರಿಕೊಂಡಳು.

ಮುತ್ತೈದೆ ಸತ್ತರೆ ತವರಿನ ಹಸಿರು ಸೀರೆ ಉಡಿಸಿಯೇ ಎತ್ತಬೇಕು. ಭರಮಪ್ಪ ಸೀರೆ ತಂದು ಹೊಸ್ತಿಲ ಹೊರಗೆ ನಿಂತ. ಆಗ ಬಾಬ್ ಬಂದ. ಚಪ್ಪಲಿ ಬಿಟ್ಟು ನೇರ ಒಳಗೆ ಹೋಗಿ, ಹೂಮಾಲೆ ಹಾಕಿ, ಭೀಮಶಿಯ ಹೆಗಲ ಮೇಲೆ ಕೈಯಿಟ್ಟ. ತಿರುಗಿದಾಗ ಭರಮಪ್ಪ ಕಂಡ.

"ಹೊರಗ ಕಿತ್ಯಾಕ್... ಯಾಕ ನಿಂತಿ? ಒಳಗ ಬಾ. ಈಗ ನಾವೆಲ್ಲ ಒಂದ ಅಲ್ಲೇನು," ಎಂದ.

ಭರಮಪ್ಪನ ಕೈ ಕಿಸೆಗೆ ಹೋಯಿತು. ಪೊಟ್ಟಣ ತೆಗೆದು ನೋಡಿ, ಮತ್ತೆ ಒಳಗಿಟ್ಟ.

"ಈಗ ನೀವು ಕರದ್ರ ಏನ ಬಂತ್ರಿ. ಕರ್ಯಾಕಿ ಹೋದ್ಲು," ಎಂದು, ಸೀರೆಯನ್ನು ಹೊಸ್ತಿಲ ಮೇಲಿಂದ ಭೀಮಶಿಯ ಕೈಗೆ ಚಾಚಿದ.