ಬಿಚ್ಚಿಟ್ಟ ಸೀರೆ ಗಾರ್ಡು

ನನ್ನ ಅಕ್ಕನ ಗಂಡ ಉಪೇಂದ್ರರಾಯರು ಕೆಟ್ಟವರಲ್ಲ. ಅವರದು ಉಡದ ಪಟ್ಟು, ಅಷ್ಟೆ. ಕಾಸರಗೋಡಿನಿಂದ ಬಂದು ಕೊಚ್ಚಿಯ ಕೋರ್ಟಿನಲ್ಲಿ ಗುಮಾಸ್ತರಾದವರು, ಮನೆ ಪಕ್ಕದ ತ್ರಿಪ್ಪುಣಿತ್ತುರದಲ್ಲಿ. ಅಕ್ಕ ಸೌದಾಮಿನಿ ಅವರ ಬೈಕಿನ ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತೇ ದೇವಸ್ಥಾನ, ಮಾರ್ಕೆಟ್ಟು, ಮದುವೆಮನೆ ಎಲ್ಲ ಕಂಡವಳು.

2004ರಲ್ಲಿ ಭಾವನಿಗೆ ಹಿಮಾಲಯದ ಸ್ಪಿತಿ ಕಣಿವೆಯ ಹುಚ್ಚು ಹತ್ತಿತು. ಆಫೀಸಿಗೆ ಹೋಗುವ ಬಡಪಾಯಿ ಸ್ಪ್ಲೆಂಡರನ್ನು ಕಲ್ಲುದಾರಿಗೆ ಸಜ್ಜು ಮಾಡತೊಡಗಿದರು. ಜಾರದಂತೆ ಉಬ್ಬುಗಳಿರುವ ಬಟನ್ ಟೈರು ಬಂತು. ಎಂಜಿನ್ನಿನ ಅಡಿಗೆ ಕಬ್ಬಿಣದ ತಗಡು ಬಂತು, ಮುಂದಿನ ಮಡ್‌ಗಾರ್ಡು ಮೇಲೇರಿತು. ಸ್ಪ್ಯಾನರು ಎತ್ತಿ ಕೊಡುತ್ತಿದ್ದವಳು ಅಕ್ಕ. ತಾನೂ ಹೋಗಬೇಕೆಂದು ಅವಳಿಗೆ ತಡೆಯಲಾರದಷ್ಟು ಆಸೆ. ಆದರೆ ಬಾಯಿಬಿಟ್ಟು ಕೇಳುವವಳಲ್ಲ. ತಿರುವನಂತಪುರದಲ್ಲಿದ್ದ ನನ್ನಿಂದ ಉಣ್ಣೆ ತರಿಸಿಕೊಂಡು, ಕೊಚ್ಚಿಯ ಸೆಕೆಯಲ್ಲಿ ಬೆವರು ಒರೆಸುತ್ತ ಎರಡು ಸ್ವೆಟರು ಹೆಣೆದಳು.

"ಎರಡು ಎಂತಕ್ಕೆ?" ಎಂದರು ಭಾವ.

"ಅಲ್ಲಿ ಚಳಿ ಉಂಟಲ್ಲ."

"ಒಳ್ಳೇದಾಯ್ತು. ಒಂದು ಒದ್ದೆಯಾದರೆ ಇನ್ನೊಂದು."

ಕಣ್ಣಿದ್ದೂ ಕುರುಡು ಎಂದರೆ ಇದೇ ನೋಡಿ. ಅದೇ ವಾರ ಸಾಮಾನು ಕಟ್ಟಲೆಂದು ಸೀಟನ್ನು ಅರ್ಧಕ್ಕೆ ಕತ್ತರಿಸಿ ಹಿಂದೆ ಕ್ಯಾರಿಯರ್ ಕೂರಿಸಿದರು. ಹಿಂದೆ ಕೂತವಳ ಸೆರಗು ಚಕ್ರಕ್ಕೆ ಸಿಕ್ಕದಂತೆ ಹಾಕಿದ್ದ ಸೀರೆ ಗಾರ್ಡನ್ನೂ ಕಲ್ಲಿಗೆ ತಾಗುತ್ತದೆಂದು ಬಿಚ್ಚಿದರು. ಅದಕ್ಕೂ ಸ್ಪ್ಯಾನರು ಕೊಟ್ಟವಳು ಅಕ್ಕನೇ.

ಭಾವ ಒಬ್ಬರೇ ಹೋದರು. ಸ್ಪಿತಿಯಲ್ಲಿ ತೊರೆ ದಾಟುವಾಗ ಬೈಕು ಮಗುಚಿ ಪೂರ್ತಿ ನೆನೆದರಂತೆ. ನಡುಗುತ್ತ ಎರಡನೆಯ ಸ್ವೆಟರು ತೆಗೆದು ತೊಟ್ಟರೆ ಅದು ಭುಜದಿಂದ ಕೆಳಗೆ ಇಳಿಯಲೇ ಇಲ್ಲ. ಅದು ಅಕ್ಕನ ಅಳತೆಯದು.

"ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ ಮಾರಾಯ," ಎಂದು ಆಮೇಲೆ ನನಗೆ ಹೇಳಿದರು.

ಮನೆಗೆ ಬಂದವರೇ ಮೊದಲು ಹೊಸ ಉದ್ದ ಸೀಟು ಹಾಕಿಸಿದರು. ಸೀರೆ ಗಾರ್ಡನ್ನು ಉಜ್ಜಿ ತೊಳೆದು ತಾವೇ ಕೂರಿಸಿದರು.

"ಮುಂದಿನ ವರ್ಷ ಇಬ್ಬರೂ ಹೋಗುವ, ಸೌದಾಮಿನಿ."

"ಬೇಡ ಮಾರಾಯ್ರೇ. ಆಸೆ ಇದ್ದದ್ದು ಆಗ."

"ದೇವಸ್ಥಾನಕ್ಕಾದರೂ ಹತ್ತು."

"ನನಗೀಗ ಬಸ್ಸೇ ಅಭ್ಯಾಸ ಆಗಿದೆ."

ಅವಳಿಗೆ ಸಿಟ್ಟಿಲ್ಲ, ಮಾತು ಬಿಟ್ಟದ್ದೂ ಇಲ್ಲ. ಭಾವನ ಊಟ ತಿಂಡಿ ಒಂದು ದಿನವೂ ತಪ್ಪಿಸಿಲ್ಲ. ಆದರೆ ಈಗಲೂ ಅವಳು ಬಸ್ಸಿನಲ್ಲೇ ಹೋಗುತ್ತಾಳೆ. ಭಾವ ಆ ಬಸ್ಸಿನ ಹಿಂದೆಯೇ ಬೈಕು ಓಡಿಸಿಕೊಂಡು ಹೋಗಿ, ಅವಳು ಇಳಿಯುವ ಸ್ಟಾಪಿಗೆ ಮುಂಚೆ ಬಸ್ಸನ್ನು ದಾಟಿ ಅಲ್ಲಿ ಕಾಯುತ್ತಾರೆ.