ಗಂಟು ಬಿಚ್ಚದ ನೂರು ಹಾಳೆ

ಮೋಹಿನಿ, ನಿನ್ನ ಪುಸ್ತಕವನ್ನು ನಾನು ಓದಿರಲಿಲ್ಲ. ಓದಿದ್ದೇನೆ ಎಂದು ಪ್ರಿನ್ಸಿಪಾಲರಿಗೆ ಹೇಳಿದ್ದು ಸುಳ್ಳು; ನಿನಗೆ ಹೇಳಿದ್ದೂ ಸುಳ್ಳು. ಏಳು ವರ್ಷವಾಯಿತು. ನಿನಗಂತೂ ಅದು ಅಂದೇ ಗೊತ್ತಾಗಿತ್ತು — ಆದರೂ ನನ್ನ ಬಾಯಿಂದ ಬರಬೇಕಲ್ಲ.

ಅಂಕೋಲೆಯ ನಮ್ಮ ಕಾಲೇಜಿನಲ್ಲಿ ಆ ವರ್ಷ ಇಂಗ್ಲಿಷ್ ಶಬ್ದರಚನೆಯ ಹೊಸ ತರಗತಿ ಶುರುವಾಗುವುದಿತ್ತು. ಶಬ್ದದ ಮೂಲ ಯಾವುದು, ಅದರ ಹಿಂದೆ ಮುಂದೆ ಏನೇನು ಸೇರಿ ಹೊಸ ಶಬ್ದವಾಗುತ್ತದೆ — ಮೊದಲ ಬಾರಿ ಕಲಿಯುವವರಿಗೆ ಅಷ್ಟು. ಪಠ್ಯ ಆರಿಸುವ ಕೆಲಸ ವಿಭಾಗದ ಹಿರಿಯಳಾದ ನನ್ನದು. ಒಂದು ಕಡೆ ನಾನೇ ಓದಿ ಬಂದ, ಅಚ್ಚಾದ ದಪ್ಪ ಪುಸ್ತಕ. ಇನ್ನೊಂದು ಕಡೆ, ನನ್ನ ಹಳೆಯ ವಿದ್ಯಾರ್ಥಿನಿ, ಆಗ ನಮ್ಮಲ್ಲೇ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದ ನೀನು ಕೈಯಲ್ಲಿ ಬರೆದ ನೂರು ಹಾಳೆ. ನಿನ್ನದು ಆಯ್ಕೆಯಾದರೆ ತರಗತಿ ನಿನಗೆ ಸಿಗುತ್ತಿತ್ತು, ಕೆಲಸವೂ ಉಳಿಯುತ್ತಿತ್ತು. ಇಲ್ಲವಾದರೆ ಇಲ್ಲ. ಇದು ನನಗೆ ಗೊತ್ತಿತ್ತು.

"ಅಕ್ಕೋರೆ, ತಪ್ಪಿದ್ರೆ ಕೆಂಪು ಶಾಯಿ ಹೊಡೀರಿ, ನಂಗೇನ್ ಬೇಜಾರಿಲ್ಲ," ಎಂದು ಕೊಟ್ಟಿದ್ದೆ ನೀನು. "ಮೀನ್ ಕೊಯ್ದಂಗೇಯಾ ಶಬ್ದ ಕೊಯ್ಯೂದು. ಕೀಲ್ ಎಲ್ಲುಂಟು ನೋಡ್ಕಂಡು ಕತ್ತಿ ಇಡ್ಬೇಕು. ಇಲ್ದಿದ್ರೆ ಬಾಯಿಗೆ ಮುಳ್ಳೇ ಬರ್ತದೆ." ಇಬ್ಬರೂ ನಕ್ಕೆವು.

ಕಾರವಾರದ ಬಳಿ, ಕದ್ವಾಡದ ಮನೆಯಲ್ಲಿ ನಾನೊಬ್ಬಳೇ — ಸಮಯವಿರಲಿಲ್ಲ ಎನ್ನುವಂತಿಲ್ಲ. ಪಠ್ಯ ತೀರ್ಮಾನಿಸುವ ಸಭೆಗಿದ್ದ ಹದಿನೈದು ದಿನದಲ್ಲಿ ಸಾರಿನ ಹುಳಿಗೆಂದು ಮುರುಗಲ ಸಿಪ್ಪೆ ಒಣಹಾಕಿದೆ, ಕಪಾಟಿನ ಹಾಳೆ ಬದಲಿಸಿದೆ, ಯಾರೂ ಮಲಗದ ದಿಂಬಿಗೂ ಹೊಸ ಗವಸು ಹೊಲಿದೆ. ನಿನ್ನ ಕಟ್ಟು ಮೇಜಿನ ಮೇಲೇ ಇತ್ತು. ಎತ್ತುತ್ತಿದ್ದೆ, ಅಡಿಯ ಧೂಳು ಒರೆಸುತ್ತಿದ್ದೆ, ಮತ್ತೆ ಅಲ್ಲೇ ಇಡುತ್ತಿದ್ದೆ. ಅಚ್ಚಿನ ಪುಸ್ತಕಕ್ಕೆ ನಾನು ಓದುವಾಗಲೇ ಬರೆದಿಟ್ಟ ಟಿಪ್ಪಣಿ ಸಿದ್ಧವಿತ್ತು; ನಿನ್ನದಕ್ಕೆ ನಾನೇ ಮತ್ತೆ ಕಲಿಯಬೇಕಿತ್ತು. ಒಂದು ಪುಟ ಓದಿ, ಅದು ಚೆನ್ನಾಗಿದೆ ಎಂದು ಗೊತ್ತಾಗಿಬಿಟ್ಟರೆ — ಆ ಹೆದರಿಕೆ.

ಸಭೆಯಲ್ಲಿ ಪ್ರಿನ್ಸಿಪಾಲರಿಗೆ ಹೇಳಿದೆ: "ಪೂರ್ತಿ ಓದಿದೆ. ಮಕ್ಕಳಿಗೆ ಇದು ಸಾಲದು."

ಮರುದಿನ ಸ್ಟಾಫ್ ರೂಮಿನಲ್ಲಿ ಕಟ್ಟನ್ನು ನಿನ್ನ ಕೈಗಿಟ್ಟು ಅದನ್ನೇ ಹೇಳಿದೆ. ಬಲೆಯ ನೂಲು ಸುತ್ತಿ ನೀನೇ ಕಟ್ಟಿ ಕೊಟ್ಟಿದ್ದ ಹಾಳೆಗಳು. ನೀನು ಗಂಟಿನ ಮೇಲೆ ಹೆಬ್ಬೆರಳಾಡಿಸಿದೆ.

"ಪೂರ್ತಿ ಓದಿದ್ರಾ, ಅಕ್ಕೋರೆ?"

"ಓದಿದೆ ಮಾರಾಯ್ತಿ."

"ಇದು ನಮ್ಮಪ್ಪ ಬಲೆಗೆ ಹಾಕೂ ಗಂಟು," ಎಂದೆ ನೀನು, ಮೆಲ್ಲಗೆ. "ಬಿಚ್ಚಿದ್ರೆ ಬೇರೇರಿಗೆ ಹಿಂಗೇ ಹಾಕೂಕೆ ಬರೂದಿಲ್ಲ."

ಪಕ್ಕದಲ್ಲಿ ಇಬ್ಬರು ಚಾ ಕುಡಿಯುತ್ತಿದ್ದರು. ನೀನು ದನಿ ಏರಿಸಿದ್ದರೆ — ಏರಿಸಲಿಲ್ಲ. ನನ್ನ ಮರ್ಯಾದೆ ಉಳಿಸಿ, ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ನಡೆದುಬಿಟ್ಟೆ ನೀನು. ತಿಂಗಳ ಕೊನೆಗೆ ಕೆಲಸವೂ ಹೋಯಿತು.

ಆ ಹಾಳೆಗಳಲ್ಲಿ ಏನಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ. ನಾನು ಹಳೆಯ ಟಿಪ್ಪಣಿ ಓದಿ ಹೇಳಿದೆ, ಮಕ್ಕಳು ಬರೆದುಕೊಂಡರು, ಎರಡನೇ ವರ್ಷಕ್ಕೆ ತರಗತಿ ನಿಂತುಹೋಯಿತು.

ಕಳೆದ ತಿಂಗಳು, ಈಗ ನಿವೃತ್ತರಾಗಿರುವ ಪ್ರಿನ್ಸಿಪಾಲರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ನೋಡಿದರು.

"ಅಯ್ಯೋ ಬಾಯೋರೆ, ಯಾವ ಕಾಲದ್ದು ತೆಗೆದ್ರಿ! ಯಾವ ಮೋಹಿನಿ?"

ಚಾ ತರಿಸಿದರು. ಕುಡಿದು ಬಂದೆ.

ನೀನೀಗ ಕಾರವಾರದ ಔಷಧಿ ಅಂಗಡಿಯಲ್ಲಿದ್ದೀಯೆ. ಕದ್ವಾಡದ ಬಸ್ಸು ಅದರೆದುರೇ ನಿಲ್ಲುತ್ತದೆ. ನಾನು ಒಂದು ಸ್ಟಾಪ್ ಮುಂದೆ ಇಳಿದು, ಬಿಪಿ ಮಾತ್ರೆಯನ್ನು ಬೇರೆ ಕಡೆ ಕೊಳ್ಳುತ್ತೇನೆ — ಇಷ್ಟು ವರ್ಷವೂ ಹಾಗೇ. ಸೋಮವಾರ ನಿನ್ನ ಅಂಗಡಿಯ ಎದುರೇ ಇಳಿಯುತ್ತೇನೆ. ಗಿರಾಕಿಗಳಿದ್ದರೆ ಅವರ ಎದುರೇ ಹೇಳುತ್ತೇನೆ, ಗಟ್ಟಿಯಾಗಿಯೇ. ನೀನು ತಲೆಯೆತ್ತಿ ನೋಡದಿದ್ದರೂ — ಹೇಳಿಯೇ ಹೋಗುತ್ತೇನೆ.